ಕಿಟಕಿಯ ಪಕ್ಕದ ಬಳ್ಳಿ

ಮನೆ, ಹಿತ್ತಿಲ ಕಡೆಯ ಕೋಣೆ
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಸೊಸೆಗೆ, ಅಲ್ಲ, ಮಗಳಿಗೆ,

ಭಗವಂತನ ಕೃಪೆ ನಿನ್ನನ್ನು ಕಾಯುತ್ತಿರಲಿ. ಗಂಟಲಿನ ಬಾವು ಪೂರ್ತಿ ಇಳಿಯಿತೇ? ವೈದ್ಯರು ಕೊಟ್ಟ ಚುಚ್ಚುಮದ್ದನ್ನು ಕೈಚೀಲದಲ್ಲಿಯೇ ಇಟ್ಟುಕೊಂಡಿರುವೆಯಷ್ಟೆ? ಬಟ್ಟೆ ಒಣಹಾಕಲು ಹೋದವಳು ಉಸಿರುಕಟ್ಟಿ ಬಿದ್ದದ್ದು, ಇನ್ನೊಮ್ಮೆ ಕಡಜ ಕುಟುಕಿದರೆ ಜೀವ ಉಳಿಯುವುದು ಕಷ್ಟವೆಂದು ಅವರು ಹೇಳಿದ್ದು, ಪ್ರಾರ್ಥನೆಗೆ ಕುಳಿತಾಗಲೂ ನನ್ನ ಮನಸ್ಸನ್ನು ಬಿಡುವುದಿಲ್ಲ. ನಿನ್ನ ತಾಯಿಯವರ ಆರೈಕೆಯಲ್ಲಿರುವೆಯೆಂಬುದೇ ಸಮಾಧಾನ. ಇಲ್ಲಿ ನಾವು ಮೂವರೂ ಕ್ಷೇಮ, ಆದರೆ ದಣಿದಿದ್ದೇವೆ.

ನೀನು ಹೋದ ಮೇಲೆ ನಾನು ಸೂರಿನಡಿಯ ಮಣ್ಣಿನ ಗೂಡುಗಳನ್ನೆಲ್ಲ ಕೆರೆದುಹಾಕಿದೆ. ಅವು ಯಾರ ತಂಟೆಗೂ ಹೋಗದ ನಮ್ಮ ನಾಡಿನವೇ ಕಡಜಗಳೆಂದು ಆಮೇಲೆ ತಿಳಿಯಿತು. ಕಡಜ ಬೀಳಲೆಂದು ಸಕ್ಕರೆಪಾಕದ ಶೀಶೆ ಕಟ್ಟಿದೆ. ಪಾಪ, ಅದರಲ್ಲಿ ಬಿದ್ದು ಸತ್ತವು ಜೇನುನೊಣಗಳು. ನನ್ನ ಮಗರಾಯ ಮಳೆಯಂಗಿ ತೊಟ್ಟು, ತಲೆಗೆ ಸೊಳ್ಳೆಪರದೆ ಹೊದ್ದು, ಹಾಡಹಗಲಲ್ಲಿ ನೀರಿನ ಪೈಪು ಹಿಡಿದು ನಿಂತ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಏನ್ ತಾತ, ಮದುಮಗಳನ್ನ ಹಿತ್ತಿಲಲ್ಲೇ ನಿಲ್ಲಿಸಿದೀರಿ, ಒಳಗೆ ಕರ್ಕೊಳ್ಳಲ್ವಾ?" ಎಂದಳು. ಮರುಕ್ಷಣವೇ ಆ ಮದುಮಗಳು ಪರದೆಯನ್ನೂ ಪೈಪನ್ನೂ ಬಿಸುಟು ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಂಡಿತು.

ನಿಜವಾದ ಶತ್ರುವನ್ನು ಗುರುತಿಸಿದವಳು ನಿನ್ನ ಮಗಳು. ಕಿಟಕಿಯ ಮೇಲೆ ಕುಳಿತ ಒಂದು ಕಡಜವನ್ನು ನಾನು ಗಾಜಿನ ಲೋಟ ಕವುಚಿ ಹಿಡಿದಿದ್ದೆ: ಕಪ್ಪು ಮೈ, ಹಿಂಬದಿಗೆ ಒಂದೇ ಕಿತ್ತಳೆ ಪಟ್ಟೆ. ಅವಳು ಲೋಟಕ್ಕೆ ಮೂಗು ಒತ್ತಿ, "ತಾತ, ಇದು ಹಳದಿ ಸಾಕ್ಸ್ ಹಾಕ್ಕೊಂಡಿದೆ!" ಎಂದು ಕೂಗಿದಳು. ಮದ್ದು ಹೊಡೆಯುವವನು ಬಂದು ನೋಡಿ, ಆ ಸಾಕ್ಸೇ ಗುರುತು, ಇದು ಹೊರದೇಶದಿಂದ ಸರಕಿನೊಡನೆ ಬಂದು ನೆಲೆಯೂರಿದ ಜಾತಿ ಎಂದ. ಅವು ಹಾರಿಹೋಗುವ ದಿಕ್ಕನ್ನೇ ನೋಡುತ್ತ ಹೋಗಿ, ನಿನ್ನ ಅತ್ತೆ ಕಣ್ಣು ಮುಚ್ಚುವ ಮುನ್ನ ನೆಟ್ಟ ಬಳ್ಳಿಯ ಮುಂದೆ ನಿಂತ. ಎಲೆ ಸರಿಸಿದರೆ, ನಿಮ್ಮ ಕೋಣೆಯ ಕಿಟಕಿಯ ಪಕ್ಕದಲ್ಲೇ, ನೀರಿನ ಕೊಡದಷ್ಟು ದೊಡ್ಡ ಗೂಡು. ಬೂದುಬಣ್ಣದ ಕಾಗದವನ್ನು ಸುತ್ತಿಟ್ಟಂತಿತ್ತು. ಮುಸ್ಸಂಜೆ, ಎಲ್ಲವೂ ಒಳಸೇರಿದ ಮೇಲೆ, ಪುಡಿ ಊದಿ ಕೊಂದ. ಒಳಗೆ ಕುಳಿತು ನಾನು ಆ ಜೀವಗಳಿಗಾಗಿಯೂ ಪ್ರಾರ್ಥಿಸಿದೆ. ಹೊರಡುವಾಗ ಅವನೆಂದ: "ಬಳ್ಳಿ ಇರೋ ತನಕ ನಾನು ಭರವಸೆ ಕೊಡಲ್ಲ ಯಜಮಾನ್ರೇ. ಇಂಥಾ ಬೆಚ್ಚಗಿನ ಜಾಗ ಬಿಟ್ಟು ಇನ್ನೆಲ್ಲಿಗೆ ಹೋಗ್ತವೆ?"

ಮಗರಾಯ ಇದನ್ನು ನಿನಗೆ ಫೋನಿನಲ್ಲಿ ಒದರಿಬಿಟ್ಟನಂತೆ. "ಅತ್ತೆ ಕೈಯಾರೆ ನೆಟ್ಟಿದ್ದು, ಅದನ್ನ ಮುಟ್ಟಬೇಡಿ. ನಾನು ಇಲ್ಲೇ ಇರ್ತೀನಿ" ಎಂದೆಯಂತೆ. ನೀರೆರೆಯುವ ನೆಪದಲ್ಲಿ ನಾನು ಅಲ್ಲಿ ನಿಂತು ನಿನ್ನ ಅತ್ತೆಯೊಡನೆ ಮಾತಾಡುವುದು ನಿನಗೆ ಗೊತ್ತಿತ್ತೆಂದು ಈಗ ತಿಳಿಯಿತು. ಬಳ್ಳಿಯ ವಿಷಯ ಬರೆಯಲು ಕೈ ಏಳದು. ನಿನ್ನ ಮಗಳು ನಿನ್ನ ಹಳೆಯ ಶಾಲು ಹೊದ್ದೇ ಮಲಗುತ್ತಾಳೆ. ಒಗೆಯಲು ಕೇಳಿದರೆ, "ಅಮ್ಮನ ವಾಸನೆ ಹೋಗತ್ತೆ" ಎಂದು ಕಿತ್ತುಕೊಳ್ಳುತ್ತಾಳೆ.

ನಿನ್ನ ತಾಯಿಯವರಿಗೆ ನನ್ನ ವಂದನೆಗಳು. ದೇವರು ನಿನಗೆ ತುಂಬು ಆಯುಸ್ಸು ಕೊಡಲಿ.

ಇತಿ,
ನಿನ್ನ ಮಾವ

ತಾ. ಕ.: ಅಂಚೆಗೆ ಹೊತ್ತಾಯಿತೆಂದು ಮಗರಾಯ ಬಾಗಿಲಲ್ಲಿ ನಿಂತಿದ್ದಾನೆ. ಬಳ್ಳಿಯನ್ನು ಇಂದು ಬೆಳಿಗ್ಗೆ ಬುಡಸಮೇತ ಕಡಿದೆವು. ಮೊದಲ ಏಟು ನಾನೇ ಹಾಕಿದೆ. ನಿನ್ನನ್ನು ಕೇಳಿದರೆ ಬೇಡವೆನ್ನುವೆಯೆಂದು, ಕಡೆಯ ಸಲ ನೀರೆರೆಯುವಾಗ ನಿನ್ನ ಅತ್ತೆಯನ್ನೇ ಕೇಳಿಕೊಂಡೆ. ಸತ್ತ ಗೂಡನ್ನು ಮದ್ದಿನವನು ಮತ್ತೆ ಬಂದು ಚೀಲದಲ್ಲಿ ಕಟ್ಟಿ ಒಯ್ದ. ಬಂದುಬಿಡು, ಮಗಳೇ. ನಿಮ್ಮ ಕೋಣೆಗೆ ಈಗ ಕಣ್ಣು ಕುಕ್ಕುವಷ್ಟು ಬಿಸಿಲು. ಕಿಟಕಿಗೆ ಪರದೆ ಹಾಕಿಸಬೇಕು. ಯಾವ ಬಣ್ಣದ್ದೆಂದು ನೀನೇ ಬಂದು ಹೇಳು.