ಕಟ್ಟೆಯ ಮೇಲಿನ ಏಳು ಖಡಿ

ಶಹಾಪುರ, ಬೆಳಗಾವಿ
ಸೋಮವಾರ, 1 ಸೆಪ್ಟೆಂಬರ್ 2025

ಸ್ನೇಹಲಳ ಅಜ್ಜನವರಿಗೆ ರಾಜಮತಿಯ ಜಯ ಜಿನೇಂದ್ರ.

ಸ್ತವನಿಧಿ ಕ್ಷೇತ್ರದಲ್ಲಿ ನಿಮ್ಮ ಮೊಣಕಾಲು ಹೇಗಿದೆ? ಒಪ್ಪತ್ತು ಊಟದ ವ್ರತ ಹಿಡಿದವರು ಬಿಪಿ ಗುಳಿಗೆಯನ್ನೂ ವ್ರತಕ್ಕೆ ಸೇರಿಸಿಲ್ಲ ಎಂದುಕೊಂಡಿದ್ದೇನೆ. ದಶಲಕ್ಷಣ ಪರ್ವ ಮುಗಿಯುವವರೆಗೆ ಮೊಬೈಲು ಮುಟ್ಟುವುದಿಲ್ಲವೆಂದು ನಿಯಮ ಮಾಡಿಕೊಂಡು ಹೋದಿರಿ, ಹಾಗಾಗಿ ಎಷ್ಟೋ ವರ್ಷದ ಮೇಲೆ ನಾನು ಪೆನ್ನು ಹಿಡಿಯಬೇಕಾಯಿತು. ನೀವು ಬರೆದಿಟ್ಟ ಪಟ್ಟಿಯ ಪ್ರಕಾರ ಬಸದಿಗೆ ಅಕ್ಕಿ, ಬದಾಮು, ತೆಂಗಿನಕಾಯಿ ಎಲ್ಲ ತಲುಪಿಸಿದೆ. ಮದುವೆಯಾದ ಹೊಸದರಲ್ಲಿ ನೀವು ಮರಾಠಿ ಅಂಕಿಯಲ್ಲಿ ಬರೆದ ಏಳು ತೆಂಗಿನಕಾಯಿಯನ್ನು ಕನ್ನಡ ಶಾಲೆ ಕಲಿತ ನಾನು ಒಂದು ಎಂದು ಓದಿ, ಒಂದೇ ಕಾಯಿ ತಂದು ಅತ್ತೆಯವರ ಕೈಯಲ್ಲಿ ಬೈಸಿಕೊಂಡದ್ದು ನೆನಪಿದೆಯೇ? ನೀವು ಮಾತ್ರ ಖಾನಾಪುರದ ನಿಮ್ಮ ಶಾಲೆಯ ಮಕ್ಕಳಿಗೆ ಆ ಕಥೆ ಹೇಳಿ ನಗಿಸಿದಿರಂತೆ. ಈಗ ನಿಮ್ಮ ಅಕ್ಷರಕ್ಕೆ ನನ್ನ ಕಣ್ಣು ಪಳಗಿದೆ, ಯಾವುದೂ ಕಡಿಮೆ ಬಿದ್ದಿಲ್ಲ.

ಇನ್ನು ಮನೆಯ ಸುದ್ದಿ. ಕಳೆದ ವಾರ ಹುಡುಗಿಯರ ಬೇಸ್‌ಬಾಲ್ ಫೈನಲ್ ಮುಗಿದ ಕೂಡಲೇ ನೀವು ಸ್ಕೋರು ಬರೆದ ಹಾಳೆಗಳನ್ನು ಆಟ ನಡೆಸುವವರ ಮೇಜಿಗೆ ಕೊಟ್ಟು ನಿಪ್ಪಾಣಿ ಬಸ್ಸು ಹತ್ತಿದಿರಿ. ಬಹುಮಾನ ಕೊಟ್ಟದ್ದು ಆಮೇಲೆ. ನಮ್ಮ ಸ್ನೇಹಲಳಿಗೆ ಚೆಂಡು ಎಸೆಯುವುದರಲ್ಲಿ ಜಿಲ್ಲೆಗೇ ಉತ್ತಮ ಪಿಚರ್ ಎಂದು ಕಪ್ಪು ಬಂತು. ಬ್ಯಾಟು ಹಿಡಿದವರನ್ನು ಯಾರು ಹೆಚ್ಚು ಸ್ಟ್ರೈಕ್‌ಔಟ್ ಮಾಡಿದ್ದಾರೋ ಅವರಿಗೆ ಕಪ್ಪು ಎಂಬುದು ಮೊದಲೇ ಹೇಳಿದ ನಿಯಮ. ಮೂರು ಆಟದಲ್ಲಿ ಇವಳದು ಹನ್ನೊಂದು, ಖಾನಾಪುರ ತಾಲ್ಲೂಕಿನ ತಂಡದಲ್ಲಿ ಆಡಿದ ಲೋಂಡಾದ ಪ್ರಮಿಳಾ ಎಂಬ ಹುಡುಗಿಯದು ಎಂಟು. ವಿಭಾಗದ ತಂಡಕ್ಕೆ ಜಿಲ್ಲೆಯಿಂದ ಒಬ್ಬಳೇ ಪಿಚರ್, ಕಪ್ಪು ಯಾರಿಗೋ ಆ ಜಾಗವೂ ಅವರಿಗೇ. ಆ ತಂಡದ ಪಟ್ಟಿ ಐದನೇ ತಾರೀಖಿಗೆ ಮೇಲಿನ ಕಚೇರಿಗೆ ಹೋಗುತ್ತದೆ. ಪಕ್ಕದ ಮನೆಯ ಬಸವಣ್ಣೆವ್ವ ಬಂದು, "ಸ್ನೇಹಲಳ ಪಿಕ್ಚರಿಗೆ ಬಹುಮಾನ ಬಂತಂತಲ್ರಿ, ಯಾವ ಟಾಕೀಜಿನ್ಯಾಗ ಹತ್ತೈತಿ?" ಎಂದು ಕೇಳಿದಾಗ ಇಡೀ ಮನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾವು ನಕ್ಕದ್ದು ಅದೇ ಕೊನೆ.

ಮರುದಿನದಿಂದಲೇ ಶುರುವಾಯಿತು ನೋಡಿ. ಖಾನಾಪುರದವರಂತೆ, ಲೋಂಡಾದವರಂತೆ, ಒಬ್ಬರಾದ ಮೇಲೊಬ್ಬರು ಫೋನು ಮಾಡಿ, ಕಪ್ಪು ಪ್ರಮಿಳಾಳಿಗೆ ಬರಬೇಕಿತ್ತು, ಸೆಮಿಫೈನಲ್ ಒಂದರಲ್ಲೇ ಅವಳು ಏಳು ಮಂದಿಯನ್ನು ಔಟ್ ಮಾಡಿದ್ದಾಳೆ ಎನ್ನುತ್ತಾರೆ. ಬಹುಮಾನದ ಪಟ್ಟಿಯಲ್ಲಿ ಇರುವುದು ಒಂದು. ಇವರಿಗೆ ಏಳು ಎಲ್ಲಿಂದ ಬಂತು? ಫೈನಲಿನಲ್ಲಿ ಸೋತ ತಂಡದ ಪಿಚರ್‌ಗೆ ಕಪ್ಪು ಕೊಡಲು ಇದೇನು ಸಮಾಧಾನದ ಬಹುಮಾನವೇ? ಹೊರಗಿನವರು ಹೋಗಲಿ, ನಮ್ಮ ಮಗನ ಮಾತು ಕೇಳಿ. ಮೊನ್ನೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಕುಳಿತಾಗ ಅತಿಶಯ ಹೇಳುತ್ತಾನೆ, "ಅವ್ವಾ, ಖರೇ ಹೇಳಬೇಕಂದ್ರ ಆ ಲೋಂಡಾದ ಹುಡುಗಿ ನಮ್ಮಕಿಕಿಂತ ಛಲೋ ಒಗೀತಾಳ. ಆಕಿ ಚೆಂಡು ಹಿಡಿಯಾಕ ಆಕಿ ಟೀಮಿನ್ಯಾಗ ಯಾರೂ ಇಲ್ಲ, ಅದಕ್ಕ ಸೋತ್ರು." ಹೆತ್ತ ಮಗಳ ಎದುರು ಆಡುವ ಮಾತೇ ಇದು? ಸ್ನೇಹಲ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತ ಕುಳಿತಿದ್ದಳು. ಚಂದ ಒಗೆಯುವುದು ಬೇರೆ, ಔಟ್ ಮಾಡುವುದು ಬೇರೆ, ಕಪ್ಪು ಇಟ್ಟಿದ್ದು ಔಟ್ ಮಾಡಿದವರಿಗೆ ಎಂದು ನಾನು ಜೋರಾಗಿಯೇ ಹೇಳಿದೆ. ಅವನು ಕೈ ತೊಳೆಯಲು ಎದ್ದು ಹೋದ.

ನನಗೆ ಮೈ ಉರಿದದ್ದು ಮೊಮ್ಮಗಳ ಕಪ್ಪಿಗಷ್ಟೇ ಅಲ್ಲ. ಇವರೆಲ್ಲ ಸುಳ್ಳು ಎನ್ನುತ್ತಿರುವುದು ಯಾರ ಹಾಳೆಯನ್ನು? ಮೂವತ್ತೊಂದು ವರ್ಷ ಮಕ್ಕಳಿಗೆ ಗಣಿತ ಕಲಿಸಿ, ಒಬ್ಬ ಹುಡುಗನಿಗೂ ಅರ್ಧ ಅಂಕ ಹೆಚ್ಚು ಕಡಿಮೆ ಕೊಡದ ಬಾಪುಸಾಹೇಬ ಮಾಸ್ತರರ ಹಾಳೆಯನ್ನು. ಮೊಮ್ಮಗಳು ಆಡುತ್ತಾಳೆ, ನಾನು ಬರೆಯುವುದು ಸರಿಯಲ್ಲ ಎಂದು ನೀವು ಹಿಂದೆ ಸರಿದಾಗ, "ನೀವ ಬರೀರಿ ಸರ್, ನಿಮ್ಮ ಮ್ಯಾಲೆ ಯಾರ್ದೂ ಸಂಶಯ ಇಲ್ಲ" ಎಂದವರೂ ಇದೇ ಖಾನಾಪುರದವರು. ಬಹುಮಾನದ ಪಟ್ಟಿ ಮಾಡಿದ್ದು ಕಲ್ಮೇಶ ಸರ್, ದಾವಣಗೆರೆ ಕಡೆಯಿಂದ ಈ ವರ್ಷವೇ ನಮ್ಮ ಜಿಲ್ಲೆಗೆ ಬಂದ ದೈಹಿಕ ಶಿಕ್ಷಕರು. ಅವರಿಗೆ ನಾವೂ ಗೊತ್ತಿಲ್ಲ, ಲೋಂಡಾದವರೂ ಗೊತ್ತಿಲ್ಲ, ನಿಮ್ಮ ಹಾಳೆಯಲ್ಲಿ ಇದ್ದದ್ದನ್ನು ಕನ್ನಡ ನಮೂನೆಗೆ ಎತ್ತಿ ಬರೆದಿದ್ದಾರೆ. ಇದರಲ್ಲಿ ಮೋಸ ಎಲ್ಲಿ ನುಸುಳಬೇಕು? ಅಜ್ಜ ಮೊಮ್ಮಗಳಿಗಾಗಿ ಲೆಕ್ಕ ತಿರುಚಿ ಬರೆದ ಎಂದು ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಆಡಿಕೊಂಡರಂತೆ. ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ನಿನ್ನೆ ಆ ಪ್ರಮಿಳಾಳ ಅಪ್ಪನೇ ಬಂದ. ಕರೆಪ್ಪ ಎಂದು ಹೆಸರು, ಲೋಂಡಾದಲ್ಲಿ ರೈಲ್ವೆ ಹಳಿಯ ಮೇಲೆ ಕೆಲಸ. ಅಂಗಳದಲ್ಲಿ ಚಪ್ಪಲಿ ಬಿಟ್ಟು, "ಮಾಸ್ತರ ಅದಾರೇನ್ರಿ ಅವ್ವಾರ?" ಎಂದ. ನೀವು ಇಲ್ಲವೆಂದೆ. ಆಗ ಅಂಗಿಯ ಕಿಸೆಗೆ ಕೈ ಹಾಕಿ ಹಳಿಯ ಬದಿಗೆ ಸುರಿಯುವ ಕರಿ ಖಡಿ ಕಲ್ಲಿನ ಹರಳುಗಳನ್ನು ತೆಗೆದು ನಮ್ಮ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಏಳು. "ಆಕಿ ಒಬ್ಬೊಬ್ಬರನ್ನ ಔಟ್ ಮಾಡಿದಾಗ ಒಂದೊಂದು ಈ ಕಿಸೇದಾಗ ಹಾಕ್ಕೊಂಡೇನ್ರಿ. ಸಾಲಿ ಕಲ್ತಾಂವಲ್ರಿ ನಾನು, ಎಣಿಸೂದು ಹಿಂಗ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಕಿಸೆಯ ಕಲ್ಲು ನಂಬಿ ಮಾಸ್ತರರ ಹಾಳೆ ಹರಿಯಬೇಕೇನು, ನಾಳೆ ಇನ್ನೊಬ್ಬರು ಬುಟ್ಟಿ ತುಂಬ ಕಲ್ಲು ತಂದರೆ ಅವರಿಗೂ ಕಪ್ಪು ಕೊಡೋಣವೇನು ಎಂದು ಬಾಯಿಗೆ ಬಂದದ್ದು ಅಂದುಬಿಟ್ಟೆ. "ಮಾಸ್ತರ ಬಂದ ಮ್ಯಾಲೆ ತೋರಸ್ರಿ" ಎಂದು ಹೇಳಿ ಅವನು ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋದ. ಸ್ನೇಹಲ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಇವತ್ತು ಮುಂಜಾನೆ ಕಸ ಗುಡಿಸುವಾಗ ಆ ಖಡಿಯನ್ನು ಗಟಾರಿನ ಬದಿಗೆ ತಳ್ಳಿಬಿಟ್ಟೆ.

ನೀವು ಬಂದ ದಿನವೇ ಖಾನಾಪುರಕ್ಕೆ ಹೋಗಬೇಕು. ನಾನೂ ಬರುತ್ತೇನೆ. ತಿರುಚಿ ಬರೆದ ಎಂದವರ ಮುಂದೆ ಹಾಳೆ ಹಿಡಿದು, ನನ್ನ ಕೈಬರಹದಲ್ಲಿ ಒಂದು ತಪ್ಪು ತೋರಿಸಿ ಎಂದು ನೀವು ಕೇಳಬೇಕು. ಎಲ್ಲರನ್ನೂ ಕ್ಷಮಿಸುವ ನಿಮ್ಮ ಸ್ವಭಾವ ಇದೊಂದು ಸಲ ಬದಿಗಿರಲಿ. ಅಲ್ಲಿಯ ಸ್ವಾಮಿಗಳಿಗೆ ನನ್ನ ನಮೋಸ್ತು ತಿಳಿಸಿ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಮರೆಯಬೇಡಿ, ಡಬ್ಬಿ ಚೀಲದ ಒಳಗಿನ ಕಿಸೆಯಲ್ಲಿದೆ. ಸ್ನೇಹಲ, ಅತಿಶಯ, ಸೊಸೆ ಎಲ್ಲರ ನಮಸ್ಕಾರ.

ನಿಮ್ಮ
ರಾಜಮತಿ

ತಾ.ಕ.: ಪತ್ರ ಮಡಿಚಿ ಅಂಟು ಹಚ್ಚುವಷ್ಟರಲ್ಲಿ ಸ್ನೇಹಲ ಶಾಲೆಯಿಂದ ಬಂದಳು. ಅಪ್ಪನನ್ನು ಕರೆದುಕೊಂಡು ತಾನೇ ಕಲ್ಮೇಶ ಸರ್ ಹತ್ತಿರ ಹೋಗಿ ನಿಮ್ಮ ಹಾಳೆಯ ಫೋಟೋ ತೆಗೆಸಿಕೊಂಡು ಬಂದಿದ್ದಾಳೆ. "ಅಜ್ಜಿ, ಅಜ್ಜಾರು ಏಳು ಹೆಂಗ ಬರಿತಾರ?" ಎಂದು ಕೇಳಿದಳು. ನಾನು ಈ ಲಕೋಟೆಯ ಹಿಂದೆಯೇ ಬರೆದು ತೋರಿಸಿದೆ: ७. ಬರೆದದ್ದನ್ನು ಫೋಟೋದ ಪಕ್ಕ ಹಿಡಿದು ನೋಡಿದೆ. ಪ್ರಮಿಳಾಳ ಹೆಸರಿನ ಮುಂದೆ ನಾಲ್ಕು, ನಡುವೆ ಸೆಮಿಫೈನಲಿನ ಮನೆಯಲ್ಲಿ ಇದೇ ಅಂಕಿ, ಕೊನೆಗೆ ಮೂರು. ನಾಲ್ಕು, ಮೂರು ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ, ಕಲ್ಮೇಶ ಸರ್ ಸರಿಯಾಗಿಯೇ ಓದಿದ್ದಾರೆ. ನಡುವಿನದನ್ನು ನಾನು ಆವತ್ತು ತೆಂಗಿನಕಾಯಿ ಓದಿದಂತೆ ಓದಿ ೧ ಎಂದು ಬರೆದುಕೊಂಡಿದ್ದಾರೆ. ಅವಳದು ಎಂಟಲ್ಲ, ಹದಿನಾಲ್ಕು. ಸ್ನೇಹಲಳ ಸಾಲಿನಲ್ಲಿ ಏಳು ಎಲ್ಲೂ ಇಲ್ಲ, ಇವಳದು ಹನ್ನೊಂದೇ. ನೀವು ಸರಿಯಾಗಿಯೇ ಬರೆದಿರಿ, ಕನ್ನಡ ಮೇಜಿಗೆ ಮರಾಠಿ ಅಂಕಿ ಬರೆದದ್ದೇ ತಪ್ಪು. ನಲವತ್ತು ವರ್ಷದ ಹಿಂದೆಯೇ ಅದು ತಪ್ಪೆಂದು ಗೊತ್ತಿದ್ದವಳು ನಾನು, ಹಾಳೆಯನ್ನು ಕಣ್ಣಿಂದ ನೋಡದೆ ವಾರವಿಡೀ ಜಗಳಾಡಿದೆ.

ಸ್ನೇಹಲ ಕಪ್ಪನ್ನು ಕಪಾಟಿನಿಂದ ಇಳಿಸಿ ಚೀಲದಲ್ಲಿ ಇಟ್ಟಿದ್ದಾಳೆ. ಅತ್ತಿದ್ದಾಳೆ, ಆದರೆ ಇಟ್ಟಿದ್ದಾಳೆ. ಭಾನುವಾರ ಅವಳೂ ನಾನೂ ಲೋಂಡಾಕ್ಕೆ ಹೋಗುತ್ತೇವೆ. ಗಟಾರಿನ ಬದಿಯಲ್ಲಿ ಹುಡುಕಿ ಆರು ಖಡಿ ಆರಿಸಿಕೊಂಡೆ, ಏಳನೆಯದು ಸಿಗಲಿಲ್ಲ. ಪರ್ವದ ದಿನ ಮನೆಗೆ ಬಂದ ಮನುಷ್ಯನಿಗೆ ನಾನು ನೀರೂ ಕೇಳಲಿಲ್ಲ. ಪರ್ವ ಮುಗಿದ ಮೇಲೆ ಕ್ಷಮಾವಾಣಿಗೆ ಪ್ರತಿ ವರ್ಷ ನೀವು ಯಾವ ತಪ್ಪೂ ಮಾಡದೆಯೂ ಎಲ್ಲರಿಗೂ ಕ್ಷಮೆ ಕೇಳಿ ಕಾರ್ಡು ಹಾಕುತ್ತೀರಿ, ಈ ಸಲ ಮೊದಲನೆಯದಕ್ಕೆ ವಿಳಾಸ ನಾನು ಬರೆಯುತ್ತೇನೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ಅತಿಶಯ ನಾಳೆ ಮೊದಲ ಬಸ್ಸಿಗೆ ತರುತ್ತಾನೆ, ನಿಮ್ಮ ಎದುರಿಗೇ ನಿಂತಿರುತ್ತಾನೆ. ಐದನೇ ತಾರೀಖಿನೊಳಗೆ ಕಲ್ಮೇಶ ಸರ್ ಕೈಗೆ ಕೊಡಬೇಕು, ಆ ಹುಡುಗಿ ಸೆಮಿಫೈನಲ್‌ನಲ್ಲಿ ಎಷ್ಟು ಮಂದಿಯನ್ನು ಔಟ್ ಮಾಡಿದಳೆಂದು ಬರೆದು ಸಹಿ ಮಾಡಿ ಅವನ ಕೈಯಲ್ಲಿ ಕೊಡಿ. ಅಂಕಿಯಲ್ಲಿ ಬೇಡ, ಅಕ್ಷರದಲ್ಲಿ ಬರೆಯಿರಿ.