ಮೇಲೇರಿದ ಸ್ಟ್ರಾ

ಗುರುವಾರ, ಮಾರ್ಚ್ 14

ಗಾಳಿ ಇನ್ನೂ ನಿಂತಿಲ್ಲ. ಕಿಟಕಿ ಬಡಿದುಕೊಂಡಾಗಲೆಲ್ಲ ಎದ್ದು ಹೊರಗೆ ನೋಡುತ್ತಿದ್ದೇನೆ.

ಗಾಜಿನ ಜಾರಿನ ಬಾಯಿಗೆ ಬಲೂನು ಬಿಗಿದು, ಮೇಲೊಂದು ಸ್ಟ್ರಾ ಅಂಟಿಸಿ ನನ್ನ ತರಗತಿಯ ಮಕ್ಕಳೇ ಮಾಡಿದ ವಾಯುಭಾರಮಾಪಕವೊಂದು ಶಾಲೆಯ ಕಿಟಕಿಯಲ್ಲಿತ್ತು. ಸ್ಟ್ರಾ ತುದಿ ಮೇಲೇರಿದರೆ ಒಳ್ಳೆಯ ಹವೆ, ಇಳಿದರೆ ಬಿರುಗಾಳಿ ಎಂದು ಕಲಿಸಿದವಳು ನಾನೇ. ಬೆಳಿಗ್ಗೆ ಬಿಸಿಲು ತಾಗುತ್ತದೆಂದು ಅದನ್ನು ಕಿಟಕಿಯಿಂದ ತೆಗೆದು, ನೀರಿನ ಮಡಕೆಯ ತಣ್ಣನೆಯ ಮೂಲೆಯಲ್ಲಿಟ್ಟೆ. ತಂಪಿಗೆ ಜಾರಿನೊಳಗಿನ ಗಾಳಿ ಕುಗ್ಗಿ, ಬಲೂನು ಒಳಕ್ಕೆ ತಗ್ಗಿದ್ದಕ್ಕೇ ಸ್ಟ್ರಾ ತುದಿ ಮೇಲೇರಿದ್ದು, ಹವೆಯಿಂದಲ್ಲ. ಅದು ಹೊಳೆದದ್ದು ಈಗ ರಾತ್ರಿ, ಮಲಗಲು ದೀಪ ಆರಿಸುವಾಗ. ನನ್ನ ಬುದ್ಧಿಗಿಷ್ಟು!

ಸ್ಟ್ರಾ ನೋಡಿ ಹವೆ ಬರೆಯುವ ಇವತ್ತಿನ ಸರದಿ ಮೀನುಗಾರನ ಮಗಳದು. 'ರಾತ್ರಿ ಗಾಳಿ ಇಲ್ಲ' ಎಂದು ಬೋರ್ಡಿನ ಮೇಲೆ ದುಂಡಗೆ ಬರೆದಳು. ಎಲ್ಲರಿಂದ ಚಪ್ಪಾಳೆ ತಟ್ಟಿಸಿದೆ.

ಸಂಜೆ ಅವಳನ್ನು ಕರೆದೊಯ್ಯಲು ಬಂದ ಅಪ್ಪ ಅದನ್ನೋದಿ ನಕ್ಕ. "ನನ್ ಮಗಳೇ ಹೇಳಿದ್ಮೇಲೆ ರೇಡಿಯೋ ಯಾಕ್ ಬೇಕು ಮೇಡಂ? ಇವತ್ತು ದೋಣಿ ಇಳಿಸ್ತೀನಿ." ತಮಾಷೆ ಅಂದುಕೊಂಡೆ.

ಈಗಷ್ಟೇ ಅವರ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅವಳೇ. ಅಪ್ಪ ಬಂದಿಲ್ಲವಂತೆ, ಅಮ್ಮ ದಡಕ್ಕೆ ಓಡಿದ್ದಾಳಂತೆ.

"ನಂಗೇನ್ ಭಯ ಇಲ್ಲ ಮಿಸ್," ಅಂದಳು. "ಗಾಳಿ ಇಲ್ಲ ಅಂತ ನಾವೇ ಬರ್ದಿದ್ದೀವಲ್ಲ. ಈಗ ನಿಲ್ಲುತ್ತೆ."