ನನ್ನ ಹೆಸರಿನ ಫಿಲ್ಟರ್

ನವೆಂಬರ್ ೩, ಸೋಮವಾರ
ಡಯಾಲಿಸಿಸ್ ಮುಗಿಸಿ ಬಂದೆ. ಮತ್ತೆ ಚಳಿಜ್ವರ. ರಕ್ತ ಸೋಸುವ ಫಿಲ್ಟರನ್ನು ತೊಳೆದು, ನಮ್ಮ ನಮ್ಮ ಹೆಸರು ಅಂಟಿಸಿ, ಮುಂದಿನ ಸಲಕ್ಕೆ ಇಡುವುದು ಮೊದಲಿನಿಂದಲೂ ಇದೆ. ಆದರೆ ಬಣ್ಣ ತಿರುಗಿದರೆ ಎಸೆಯುತ್ತಿದ್ದರು. ಇವತ್ತಿನದು ತುಕ್ಕಿನ ಬಣ್ಣ. ಹೊಸದು ಹಾಕು ಎಂದೆ.

"ಈಗ ಹಂಗೆಲ್ಲ ಕೊಡಲ್ಲ ಅಮ್ಮ," ಎಂದಳು ನರ್ಸ್ ಗಂಗಾ.

"ಎದುರು ರಸ್ತೆ ಸೆಂಟರ್‌ಗೆ ಹೋಗ್ತೀನಿ. ಹಲಸೂರಲ್ಲಿ ನೀವೊಬ್ರೇನಾ?"

ನಕ್ಕಳು. ಯಾಕೆ ನಕ್ಕಳೋ...

ನವೆಂಬರ್ ೫
ಎದುರು ರಸ್ತೆ ಸೆಂಟರ್‌ಗೆ ಹೋದೆ. ಹಿಂದೆ ಎರಡು ಸೆಂಟರ್‌ಗೂ ಜಿದ್ದು — ಅಲ್ಲಿ ಕಂಬಳಿ ಕೊಟ್ಟರೆ ಇಲ್ಲಿ ಬಿಸಿ ಇಡ್ಲಿ. ಬೋರ್ಡ್ ಹಳೆಯದೇ ಇದೆ. ಬಾಯಿ ತೆರೆಯುವ ಮೊದಲೇ, "ಬನ್ನಿ ಮುನಿಶಾಮಮ್ಮ" ಎಂದರು. ಟ್ರೇಯಲ್ಲಿ ನನ್ನ ಫಿಲ್ಟರ್. ಅದೇ ತುಕ್ಕು. ಬೇರೆ ದಾರಿಯಿರಲಿಲ್ಲ, ಮಲಗಿದೆ. ರಾತ್ರಿಯಿಡೀ ನಡುಕ.

ನವೆಂಬರ್ ೬
ಮಹಡಿಯಲ್ಲಿ ಬಾಡಿಗೆಗಿರುವ ಲಾಯರ್ ವಾಜಿದ್‌ನನ್ನು ಕರೆಸಿದೆ.

"ಈ ಕಡೆ ಸೆಂಟರ್‌ಗಳಿಗೆಲ್ಲ ಈಗ ಒಬ್ಬನೇ ಓನರ್ ಅಮ್ಮ. ದೊಡ್ಡ ಆಸ್ಪತ್ರೇನ ಕೊಳ್ಳೋದಾದ್ರೆ, ಎಲ್ಲ ಒಬ್ಬನ ಕೈಗೇ ಸೇರದ ಹಂಗೆ ನೋಡ್ಕೊಳ್ಳೋ ಕಾಂಪಿಟಿಷನ್ ಕಮಿಷನ್‌ನ ಕೇಳ್ಬೇಕು. ಇವು ಪುಟ್ಟವು, ಕೇಳ್ಬೇಕಾಗಿಲ್ಲ. ಒಂದೊಂದೇ ನುಂಗಿದ್ದಾರೆ."

"ನುಂಗೋದು ಕಾನೂನಿಗೆ ಕಾಣಲ್ವಾ?"

"ತುತ್ತು ಚಿಕ್ಕದಮ್ಮ."

"ನನ್ನ ಜೀವಾನೂ ಚಿಕ್ಕದಾ?"

ದೂರು ಕೊಡಬಹುದಂತೆ. ವರ್ಷಗಟ್ಟಲೆ ಹಿಡಿಯುತ್ತದಂತೆ.

ನವೆಂಬರ್ ೭
ಸೊಸೆ ಉಮಾಶ್ರೀಗೂ ಹೇಳದೆ ಕೆ.ಆರ್. ಪುರದ ಸೆಂಟರ್‌ಗೆ ಹೋದೆ. ಕಂಡರಿಯದ ನರ್ಸ್.

"ಬಿಸಿಲಲ್ಲಿ ಇಷ್ಟು ದೂರ ಯಾಕ್ ಬಂದ್ರಿ ಅಮ್ಮ?" ಎಂದು ಡಬ್ಬಿ ತೆರೆದಳು. ನನ್ನ ಹೆಸರು. ನನ್ನ ಫಿಲ್ಟರ್. ಇನ್ನೂ ಒದ್ದೆ. ನನಗಿಂತ ಮೊದಲು ಹೇಗೆ ಬಂತು? ಯಾರು ತಂದರು? ಕೇಳಿದರೆ ದಿಂಬು ಸರಿಮಾಡಿದಳು, ಅಷ್ಟೇ.

ಮಲಗಲಿಲ್ಲ. ಎದ್ದು ಬಂದೆ.

ನವೆಂಬರ್ ೧೧
ಕಾಲು ಊದಿದೆ. ಮಲಗಿದರೆ ಉಸಿರು ಕಟ್ಟುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಿಷನ್ ಖಾಲಿಯಿಲ್ಲ, ಹೆಸರು ಬರೆಸಿ ಹೋಗಿ ಎಂದರು.

"ಅತ್ತೆ, ಹಠ ಬಿಡಿ. ನಿಮ್ಮುಸಿರು ಅಡುಗೆಮನೇಗೆ ಕೇಳಿಸ್ತಿದೆ."

"ಕೇಳಿಸಿದ್ರೆ ಕಿವಿ ಮುಚ್ಕೊ. ಆ ಕೊಳಕು ನನ್ನ ಮೈಗೆ ಬೇಡ."

ಹೇಳಿಬಿಟ್ಟೆ. ಆಮೇಲೆ ನನಗೇ ಹೆದರಿಕೆಯಾಯಿತು.

ನವೆಂಬರ್ ೧೨, ಬೆಳಿಗ್ಗೆ
ಫೋನ್. ಹೆಂಗಸಿನ ದನಿ, ಬಲು ಮೆತ್ತಗೆ. "ಎಲ್ಲಿಗೆ ಬೇಕಾದ್ರೂ ಹೋಗಿ ಅಮ್ಮ. ನಿಮ್ದು ತೊಳೆದಿಟ್ಟಿದೀವಿ."

ಉಮಾಶ್ರೀ ಆಟೋ ಕರೆದಿದ್ದಾಳೆ. ಯಾವ ಸೆಂಟರ್ ಎಂದು ಆಟೋದವನು ಹೊರಗಿನಿಂದ ಕೂಗುತ್ತಿದ್ದಾನೆ. ಯಾವುದಾದರೇನು... ಹೋಗುತ್ತೇನೆ. ಆದರೆ ಹೊಸ ಫಿಲ್ಟರ್ ಕಣ್ಣೆದುರಿಗೆ ಬಿಚ್ಚದ ಹೊರತು ತೋಳು ಚಾಚುವುದಿಲ್ಲ ಎಂದು ಅವರಿಗೆ—